ಉಪದೇಶವೂ ಉಪಚಾರವೂ

“ಮಾತಿನಿಂದ ಮನಸ್ಸಿನ ರೋಗ ವಾಸಿಯಾಗುವುದಾದರೆ ಈ ದೇಶದಲ್ಲಿ ಒಬ್ಬ ರೋಗಿಯೂ ಉಳಿಯಬಾರದಾಗಿತ್ತು. ನಮ್ಮಲ್ಲಿ ಮಾತಿಗೇನು ಬರವೇ?” ಎಂದು ಮಿತ್ರರೊಬ್ಬರು ಈಚೆಗೆ ಕೇಳಿದರು. ಪ್ರಶ್ನೆ ಚಮತ್ಕಾರವಾಗಿದೆ. ಆದರೆ ಕೇಳಿದವರ ಕಣ್ಣ ಮುಂದೆ ಇದ್ದ ಚಿತ್ರ ತಲೆಕೆಳಗಾದದ್ದು: ಮಾತನಾಡುವ ವೈದ್ಯ, ತಲೆ ತಗ್ಗಿಸಿ ಕೇಳುವ ರೋಗಿ. ಮಾತಿನ ಚಿಕಿತ್ಸೆಯಲ್ಲಿ ಗುಣ ಕೊಡುವ ಮಾತು ರೋಗಿಯದು. ಆ ಮಾತು ಹೊರಗೆ ಬರುವಂತೆ, ಬಂದದ್ದು ರೋಗಿಗೇ ಸ್ಪಷ್ಟವಾಗುವಂತೆ ನೋಡಿಕೊಳ್ಳುವುದು ಎದುರಿಗೆ ಕುಳಿತವನ ಕೆಲಸ. ಇಷ್ಟನ್ನು ಒಪ್ಪಿದರೆ ಎರಡು ತೀರ್ಮಾನಗಳು ತಾವಾಗಿಯೇ ಬರುತ್ತವೆ. ಒಂದು, ಉಪದೇಶ ಉಪಚಾರವಲ್ಲ. ಇನ್ನೊಂದು, ರೋಗಿಯ ನಾಲಗೆ ಕನ್ನಡವಾದರೆ ಚಿಕಿತ್ಸೆಯೂ ಕನ್ನಡದಲ್ಲಿಯೇ ನಡೆಯತಕ್ಕದ್ದು. ನಮ್ಮ ನಾಡು ಈ ಎರಡನ್ನೂ ಇನ್ನೂ ಮನಸಾರೆ ಒಪ್ಪಿಲ್ಲ. ನನ್ನ ತಕರಾರು ಇಷ್ಟೆ.

ಕನ್ನಡದ ಮೇಷ್ಟರಿಗೆ ಮೊದಲು ಕಾಣುವುದು ಪದ. ‘ಕೌನ್ಸೆಲಿಂಗ್’ ಎಂಬ ಇಂಗ್ಲಿಷ್ ಮಾತು ನಮ್ಮ ಹಳ್ಳಿಹಳ್ಳಿಗೂ ಹೋಗಿದೆ. ಆದರೆ ಅಲ್ಲಿ ಅದರ ಅರ್ಥ ಸಿಇಟಿ ಮುಗಿದ ಮೇಲೆ ಸೀಟು ಹಂಚುವುದು, ಇಲ್ಲವೇ ಶಿಕ್ಷಕರ ವರ್ಗಾವಣೆ. ಇದಕ್ಕೆ ನಾವು ಕಟ್ಟಿಕೊಂಡ ಕನ್ನಡ ಪದವೋ ‘ಆಪ್ತಸಲಹೆ’. ಆಪ್ತರು ಕೊಡುವ ಸಲಹೆ! ಬೇಡದಿದ್ದರೂ ಸಲಹೆ ಕೊಡುವ ಆಪ್ತರು ಯಾರಿಗಿಲ್ಲ? ಹೆಸರಿನಲ್ಲಿಯೇ ಸಲಹೆ ಕುಳಿತಿರುವಾಗ ಕೊಡುವವನು ತಾನು ಬುದ್ಧಿ ಹೇಳಬೇಕೆಂದುಕೊಳ್ಳುತ್ತಾನೆ, ಬಂದವನು ಬುದ್ಧಿ ಹೇಳಿಸಿಕೊಳ್ಳಲು ಸಿದ್ಧನಾಗುತ್ತಾನೆ. ಇದಕ್ಕಿಂತ ‘ಸಮಾಲೋಚನೆ’ ಎಷ್ಟೋ ಮೇಲು. ಕೂಡಿ ಯೋಚಿಸುವುದು ಎಂಬ ಅರ್ಥವಾದರೂ ಅದರಲ್ಲಿದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಬಿತ್ತರಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ರೇಡಿಯೋವಿಗೆ ಅಂಥ ಸೊಗಸಾದ ಹೆಸರು ದೊರೆಯಿತು. ಅವರ ಸ್ವಂತ ಶಾಸ್ತ್ರದ ಕಸುಬಿಗೆ ಮಾತ್ರ ಇಂದಿಗೂ ಹೊಂದುವ ಹೆಸರಿಲ್ಲ.

‘ಖಿನ್ನತೆ’ಯ ಕಥೆಯೂ ಹೀಗೆಯೇ. ಕಾವ್ಯದಲ್ಲಿ ನಾಯಕ ಖಿನ್ನನಾಗುತ್ತಾನೆ, ಮುಂದಿನ ಪದ್ಯದಲ್ಲಿ ಚೇತರಿಸಿಕೊಳ್ಳುತ್ತಾನೆ. ಆದ್ದರಿಂದ ಓದಿದವರಿಗೂ ಅದು ಬಂದುಹೋಗುವ ದುಃಖವೆಂದೇ ತೋರುತ್ತದೆ. ವೈದ್ಯರು ಹೇಳುವ ಖಿನ್ನತೆ ಬೇರೆ. ಎರಡು ವಾರಕ್ಕೂ ಮೀರಿ, ದಿನದ ಬಹುಭಾಗ ಮನಸ್ಸು ಕುಗ್ಗಿರುತ್ತದೆ. ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ರುಚಿ ಇರುವುದಿಲ್ಲ. ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಕೈಕಾಲು ಸೋಲುತ್ತವೆ. ತಾನು ಯಾವುದಕ್ಕೂ ಬಾರದವನು, ತನ್ನಿಂದಲೇ ಎಲ್ಲ ಕೆಟ್ಟಿತು ಎಂಬ ಯೋಚನೆ ಬಿಡದೆ ಕಾಡುತ್ತದೆ. ಕೆಲವರಿಗೆ ಬದುಕುವುದೇ ಬೇಡವೆನ್ನಿಸುತ್ತದೆ. ಇಂಥವನಿಗೆ “ಧೈರ್ಯ ತಂದುಕೋ, ನಿನಗಿಂತ ಕಷ್ಟದಲ್ಲಿರುವವರನ್ನು ನೋಡು” ಎಂದರೆ ಏನಾಗುತ್ತದೆ? ಧೈರ್ಯ ತಂದುಕೊಳ್ಳಲಾರದ್ದೂ ಅವನ ಅಪರಾಧಗಳ ಪಟ್ಟಿಗೆ ಸೇರುತ್ತದೆ. ಬುದ್ಧಿಮಾತು ಇಲ್ಲಿ ನಿರುಪಯೋಗಿ ಮಾತ್ರವಲ್ಲ, ರೋಗಕ್ಕೆ ಆಹಾರ.

ಈ ಚಿಕಿತ್ಸೆ ಹುಟ್ಟಿದ ಕಥೆಯನ್ನು ನೋಡಿ. 1880ರಿಂದ 1882ರವರೆಗೆ ವಿಯೆನ್ನಾದಲ್ಲಿ ಯೋಸೆಫ್ ಬ್ರಾಯರ್ ಎಂಬ ವೈದ್ಯರು ಬೆರ್ತಾ ಪಾಪೆನ್‌ಹೈಮ್ ಎಂಬ ತರುಣಿಗೆ ಚಿಕಿತ್ಸೆ ಮಾಡುತ್ತಿದ್ದರು. ಅವಳು ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡಾಗಲೆಲ್ಲ ಸ್ವಲ್ಪ ಹಗುರವಾಗುತ್ತಿದ್ದಳು. ಅದಕ್ಕೆ ‘ಟಾಕಿಂಗ್ ಕ್ಯೂರ್’ ಎಂದು ಹೆಸರಿಟ್ಟವಳು ಅವಳೇ, ವೈದ್ಯರಲ್ಲ. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವಳು ‘ಆನಾ ಓ’ ಎಂಬ ಹೆಸರಿನಿಂದ ಬರುತ್ತಾಳೆ. ಜರ್ಮನ್ ಮಾತನಾಡುವ ಹುಡುಗಿ ಇಂಗ್ಲಿಷಿನಲ್ಲಿ ಏಕೆ ಹೆಸರಿಟ್ಟಳು? ಕಾಯಿಲೆಯ ಕಾಲದಲ್ಲಿ ತಾಯಿನುಡಿ ಅವಳ ನಾಲಗೆಯಿಂದ ಜಾರಿಹೋಗಿ ಇಂಗ್ಲಿಷ್ ಒಂದೇ ಉಳಿದಿತ್ತು. ವೈದ್ಯರು ಅವಳನ್ನು ಜರ್ಮನ್ನಿಗೆ ಎಳೆದು ತರಲಿಲ್ಲ; ಅವಳ ನುಡಿಯಲ್ಲಿಯೇ ಅವಳ ಮಾತನ್ನು ಕೇಳಿದರು. ಆ ಚಿಕಿತ್ಸೆಯಿಂದಲೇ ಅವಳು ಪೂರ್ಣ ಗುಣವಾದಳೆಂದು ಹೇಳಲಾಗದು. ಅನಂತರವೂ ಆರೋಗ್ಯಧಾಮಗಳಲ್ಲಿ ಇರಬೇಕಾಯಿತು. ಮುಂದೆ ಜರ್ಮನಿಯ ಸ್ತ್ರೀ ಚಳವಳಿಯಲ್ಲಿ ಆಕೆ ದೊಡ್ಡ ಹೆಸರಾದರು. ಆದರೆ ರೋಗಿ ಯಾವ ಭಾಷೆಯಲ್ಲಿದ್ದಾಳೋ ವೈದ್ಯ ಆ ಭಾಷೆಗೆ ಹೋಗಬೇಕೆಂಬ ಪಾಠ ಈ ವಿದ್ಯೆಯ ಮೊದಲ ಪುಟದಲ್ಲಿಯೇ ಇದೆ.

ಆಮೇಲೆ ಬಂದವರ ಮಾರ್ಗಗಳು ಬೇರೆ ಬೇರೆ. ಅಮೆರಿಕದ ಕಾರ್ಲ್ ರೋಜರ್ಸ್ 1942ರಲ್ಲಿ ಬರೆದ ಪುಸ್ತಕದಲ್ಲಿ ಅಪ್ಪಣೆ, ಪ್ರಬೋಧನೆ, ಸಲಹೆ ಇವುಗಳನ್ನೆಲ್ಲ ಹಳೆಯ ವಿಧಾನಗಳೆಂದು ಪಕ್ಕಕ್ಕೆ ಸರಿಸಿದರು; ಬಂದವನನ್ನು ಅಳೆಯದೆ, ತೀರ್ಪು ಕೊಡದೆ ಕೇಳುವುದೇ ಮುಖ್ಯವೆಂದರು. 1960ರ ದಶಕದಲ್ಲಿ ಏರನ್ ಬೆಕ್ ಮತ್ತೊಂದು ದಾರಿ ಹಾಕಿದರು. “ನಾನು ಯಾವುದಕ್ಕೂ ಬಾರದವನು” ಎಂದು ರೋಗಿ ಹೇಳಿದರೆ “ಹಾಗೆನ್ನಬೇಡ” ಎಂದು ವಾದಿಸುವುದಿಲ್ಲ. ಆ ಯೋಚನೆ ಯಾವಾಗ ಬಂತು, ಅದಕ್ಕೆ ಸಾಕ್ಷಿ ಏನು, ವಿರುದ್ಧವಾದ ಸಾಕ್ಷಿ ಇದೆಯೇ ಎಂದು ಇಬ್ಬರೂ ಕೂಡಿ ಪರೀಕ್ಷಿಸುತ್ತಾರೆ. ಇನ್ನೊಂದು ವಿಧಾನ ಇನ್ನೂ ಸರಳ. ಬೇಸರದಿಂದ ಮನುಷ್ಯ ಮೂಲೆ ಸೇರುತ್ತಾನೆ, ಮೂಲೆ ಸೇರಿದ್ದರಿಂದ ಬೇಸರ ಹೆಚ್ಚುತ್ತದೆ. ಈ ಗಾಣದಿಂದ ಬಿಡಿಸಲು ದಿನಕ್ಕೊಂದು ಸಣ್ಣ ಕೆಲಸವನ್ನು ರೋಗಿಯೇ ಆರಿಸಿಕೊಂಡು, ಮನಸ್ಸು ಬರುವವರೆಗೆ ಕಾಯದೆ ಮಾಡಿ, ಆಗ ಏನನ್ನಿಸಿತೆಂದು ಗುರುತು ಹಾಕಿಕೊಳ್ಳುತ್ತಾನೆ. ಇವೆಲ್ಲ ಕಲಿಯಬೇಕಾದ ಕಸುಬುಗಳು. ಒಳ್ಳೆಯ ಮನಸ್ಸೊಂದಿದ್ದರೆ ಸಾಕು ಎನ್ನುವವರು ಒಳ್ಳೆಯ ಮನಸ್ಸಿನಿಂದ ಹಲ್ಲು ಕೀಳಿಸಿಕೊಳ್ಳಲು ಸಿದ್ಧರೇ?

ಇಲ್ಲಿ ಆಕ್ಷೇಪಗಳು ಏಳುತ್ತವೆ. “ನಮ್ಮಲ್ಲಿ ಅವಿಭಕ್ತ ಕುಟುಂಬವಿತ್ತು, ಜಗಲಿ ಇತ್ತು, ಹಿರಿಯರಿದ್ದರು, ಇದೆಲ್ಲ ಅವುಗಳನ್ನು ಕಳೆದುಕೊಂಡವರ ಪಾಡು” ಎಂಬುದು ಮೊದಲನೆಯದು. ಜಗಲಿ ಇತ್ತು, ನಿಜ. ಅದರ ಮೇಲೆ ಕುಳಿತವರು ಯಾರು? ಸೊಸೆ ಕುಳಿತಳೇ? ವಿಧವೆ ಕುಳಿತಳೇ? ನಮ್ಮ ಬೀಸುವ ಪದಗಳನ್ನು ಪಾಠ ಹೇಳುವಾಗಲೆಲ್ಲ ನನಗೆ ಅನ್ನಿಸುವುದಿದೆ: ಮನೆ ತುಂಬ ಜನರಿದ್ದರೂ ಆ ಹೆಣ್ಣುಮಗಳು ಬೆಳಗಿನ ಜಾವ ಎದ್ದು ತನ್ನ ಸಂಕಟವನ್ನು ತೋಡಿಕೊಂಡದ್ದು ಕಲ್ಲಿನ ಮುಂದೆ. ಅತ್ತೆಯ ಮುಂದೆ ಹೇಳುವಂತಿರಲಿಲ್ಲ, ಏಕೆಂದರೆ ಕಥೆಯಲ್ಲಿ ಅತ್ತೆಯೂ ಇದ್ದಳು. ತಾಯಿಯ ಮುಂದೆ ಹೇಳಿದರೆ “ಹೊಂದಿಕೊಂಡು ಹೋಗು” ಎಂಬ ಉತ್ತರ ಸಿದ್ಧವಾಗಿತ್ತು. ಬೀಸುಕಲ್ಲಿಗೆ ಎರಡು ಗುಣಗಳಿದ್ದವು. ಹೇಳಿದ್ದನ್ನು ಊರಿಗೆ ಹಬ್ಬಿಸುತ್ತಿರಲಿಲ್ಲ. ನಡುವೆ ಬಾಯಿ ಹಾಕಿ ಬುದ್ಧಿ ಹೇಳುತ್ತಿರಲಿಲ್ಲ. ಗುಟ್ಟು ಕಾಯುವುದು, ಪೂರ್ತಿ ಕೇಳುವುದು ಇವೆರಡು ಇಂದಿನ ಚಿಕಿತ್ಸಕನಿಗೂ ಮೊದಲ ನಿಯಮಗಳು. ನಮ್ಮ ಜನಪದ ಸಾಹಿತ್ಯದ ಒಂದು ಭಾಗವನ್ನು ನಾವು ರಸವೆಂದು ಸವಿಯುತ್ತೇವೆ. ಕೇಳುವ ಮನುಷ್ಯರು ದೊರೆಯದಿದ್ದುದಕ್ಕೆ ಅದು ದಾಖಲೆಯೂ ಹೌದು.

ಎರಡನೆಯ ಆಕ್ಷೇಪ, ಕೃಷ್ಣನೇ ಮೊದಲ ಸಮಾಲೋಚಕ, ಗೀತೆ ಇರುವಾಗ ಬೇರೆ ಏಕೆ ಎಂಬುದು. ಹಾಗೆನ್ನುವವರು ಗೀತೆಯ ಮೊದಲ ಅಧ್ಯಾಯವನ್ನು ಹಾರಿಸಿ ಓದುತ್ತಾರೆಂದು ನನ್ನ ಗುಮಾನಿ. ಆ ಅಧ್ಯಾಯದ ಹೆಸರೇ ಅರ್ಜುನ ವಿಷಾದಯೋಗ. ಅದರಲ್ಲಿ ಕೃಷ್ಣನ ಬಾಯಿಂದ ಬರುವುದು, ನೆರೆದ ಕುರುಗಳನ್ನು ನೋಡು ಎಂಬ ಒಂದೇ ಮಾತು. ಮೈ ನಡುಗುವುದು, ಬಾಯಿ ಒಣಗುವುದು, ಬಿಲ್ಲು ಜಾರುವುದು ಎಲ್ಲವನ್ನೂ ಅರ್ಜುನನೇ ಹೇಳಿ ಮುಗಿಸುತ್ತಾನೆ. ನಮ್ಮ ಉಪದೇಶಕರು ಹದಿನೇಳು ಅಧ್ಯಾಯಗಳನ್ನು ಹೇಳಲು ಸಿದ್ಧರಿದ್ದಾರೆ. ಆ ಮೊದಲ ಅಧ್ಯಾಯವನ್ನು ಕೇಳಲು ಯಾರಿಗೂ ಪುರುಸೊತ್ತಿಲ್ಲ.

ಮೂರನೆಯದು, ಮಾತ್ರೆ ಇರುವಾಗ ಮಾತೇಕೆ ಎಂಬುದು. ಮಾತ್ರೆಯನ್ನು ಹಳಿಯುವವನು ನಾನಲ್ಲ. ರೋಗ ತೀವ್ರವಾಗಿದ್ದಾಗ ಔಷಧ ಬೇಕೇ ಬೇಕು. ಎಷ್ಟೋ ಜನಕ್ಕೆ ಎರಡೂ ಕೂಡಿದರೆ ಹೆಚ್ಚು ಗುಣ. ಆದರೆ ಜನ ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಕೆಲವೇ ನಿಮಿಷಗಳಲ್ಲಿ ಚೀಟಿ ಬರೆದು ಕಳುಹಿಸುವುದನ್ನೇ ಪೂರ್ಣ ಚಿಕಿತ್ಸೆ ಎನ್ನಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ರೋಗಿಯನ್ನು ಕೇಳಲು ಮನೆಯವರು ಹೆದರುತ್ತಾರೆ. ಕೇಳಿದರೆ ಆ ಯೋಚನೆಯನ್ನು ಬಿತ್ತಿದಂತಾದೀತು ಎಂಬ ಭಯ. ಹಾಗಾಗುವುದಿಲ್ಲ. ನೇರವಾಗಿ, ಮೃದುವಾಗಿ ಕೇಳಿದಾಗ ಎಷ್ಟೋ ಜನಕ್ಕೆ ಹೊರೆ ಇಳಿದಂತಾಗುತ್ತದೆ. ಹೇಗೆ ಕೇಳಬೇಕೆಂದು ಕಲಿಸುವುದಕ್ಕೂ ಜನ ಬೇಕು.

ಇನ್ನು ಭಾಷೆಯ ವಿಷಯ. ಕನ್ನಡಿಗನ ಮನಸ್ಸಿನ ನೋವು ‘ನನಗೆ ಖಿನ್ನತೆ ಇದೆ’ ಎಂದು ಬಂದು ನಿಲ್ಲುವುದಿಲ್ಲ. ಎದೆ ಭಾರ, ತಲೆಯೆಲ್ಲ ಜೋಂ ಅನ್ನುತ್ತದೆ, ಕರುಳು ಕಿವುಚಿದ ಹಾಗೆ, ಜೀವ ಹಿಂಡಿದ ಹಾಗೆ, ಯಾವುದೂ ಬೇಡ ಅನ್ನಿಸುತ್ತದೆ ಎಂದು ಬರುತ್ತದೆ. ಇವುಗಳಲ್ಲಿ ಯಾವುದು ಮೈಯದು, ಯಾವುದು ಮನಸ್ಸಿನದು ಎಂಬುದು ಆ ನುಡಿಯೊಳಗೆ ಬಾಳಿದವನಿಗೆ ತಿಳಿದೀತು. ನಮ್ಮಲ್ಲಿ ಈ ವಿದ್ಯೆಯ ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕಲಿತವರು ಕನ್ನಡ ಬಲ್ಲವರಾದರೂ ಕಸುಬಿನ ಮಾತು ಬಂದೊಡನೆ ಇಂಗ್ಲಿಷಿಗೆ ಜಾರುತ್ತಾರೆ. ಹಳ್ಳಿಯಿಂದ ಬಂದು ಓದುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ನಗರದ ಒಂದು ಚಿಕಿತ್ಸಾಲಯಕ್ಕೆ ಎರಡು ಬಾರಿ ಹೋಗಿ ನಿಲ್ಲಿಸಿಬಿಟ್ಟಳು. ಏಕಮ್ಮ ಎಂದು ಕೇಳಿದೆ. “ಅವರು ಒಳ್ಳೆಯವರೇ ಸಾರ್. ಆದರೆ ನನ್ನ ಕಷ್ಟ ನನಗೆ ಇಂಗ್ಲಿಷಿನಲ್ಲಿ ಬರುವುದಿಲ್ಲ” ಎಂದಳು. ಮಾತೇ ಔಷಧವಾದ ಚಿಕಿತ್ಸೆಯಲ್ಲಿ ಮಾತು ಬಾರದಿರುವುದೆಂದರೆ ಔಷಧವನ್ನೇ ಕೊಡದಿದ್ದಂತೆ.

ಇದು ಬಡ ನಾಡುಗಳಿಂದ ಆಗದ ಕೆಲಸವೆಂದು ಯಾರೂ ಹೇಳಬೇಕಾಗಿಲ್ಲ. ಆಫ್ರಿಕದ ಜಿಂಬಾಬ್ವೆಯ ಹರಾರೆ ನಗರದಲ್ಲಿ ಡಿಕ್ಸನ್ ಚಿಬಾಂಡ ಎಂಬ ವೈದ್ಯರು 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳ ಅಂಗಳದ ಬೆಂಚುಗಳ ಮೇಲೆ ಕೂರಿಸಿದರು. ಅಲ್ಲಿ ರೋಗಕ್ಕೆ ಇಂಗ್ಲಿಷ್ ಹೆಸರಿಲ್ಲ; ಅತಿಯಾಗಿ ಯೋಚಿಸುವುದು ಎಂಬ ಅರ್ಥದ ಶೋನ ಭಾಷೆಯ ‘ಕುಫುಂಗಿಸಿಸ’ ಎಂಬ ಮಾತೇ ಸಾಕಾಯಿತು. ಅಷ್ಟು ದೂರವೇಕೆ, ನಮ್ಮ ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲರ ತಂಡ 495 ಮಂದಿ ಖಿನ್ನತೆಯ ರೋಗಿಗಳಲ್ಲಿ ಪರೀಕ್ಷೆ ನಡೆಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಮಾತಿನ ಚಿಕಿತ್ಸೆ ಮಾಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಸಾಮಾನ್ಯರು. ರೋಗಿಯೊಡನೆ ಆರರಿಂದ ಎಂಟು ಭೇಟಿ. ಮೂರು ತಿಂಗಳಿಗೆ ಆ ಗುಂಪಿನಲ್ಲಿ ನೂರಕ್ಕೆ 64 ಮಂದಿ ಚೇತರಿಸಿಕೊಂಡಿದ್ದರು. ಅದಿಲ್ಲದ ಗುಂಪಿನಲ್ಲಿ 39.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ಆದ ನಿಮ್ಹಾನ್ಸ್ ನಮ್ಮ ಬೆಂಗಳೂರಿನಲ್ಲಿಯೇ ಇದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದ ಬಳ್ಳಾರಿ ಪ್ರಯೋಗ. ಕೊರವಂಜಿಯ ‘ರಾಶಿ’, ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಎಡೆಬಿಡದೆ ಬರೆದಿದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ಮಾಹಿತಿ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಇಷ್ಟಿದ್ದೂ, ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ.

ಕಾಲೇಜುಗಳಲ್ಲಿ ನಾವು ಮಾಡುತ್ತಿರುವುದೇನು? ಒಂದು ಬಾಗಿಲಿಗೆ ‘ಸಮಾಲೋಚನಾ ಕೇಂದ್ರ’ ಎಂದು ಫಲಕ ತೂಗುಹಾಕುತ್ತೇವೆ. ಎಷ್ಟೋ ಕಡೆ ಅದು ತಪಾಸಣಾ ತಂಡ ಬಂದ ದಿನ ಮಾತ್ರ ತೆರೆಯುತ್ತದೆ. ಒಬ್ಬೊಬ್ಬ ಅಧ್ಯಾಪಕನಿಗೆ ಇಷ್ಟಿಷ್ಟು ಮಕ್ಕಳೆಂದು ಹಂಚಿ, ‘ಸಮಸ್ಯೆ’, ‘ಕೊಟ್ಟ ಸಲಹೆ’ ಎಂಬ ಅಂಕಣಗಳ ಪುಸ್ತಕ ಕೊಡುತ್ತಾರೆ. ಹಳಗನ್ನಡ ವ್ಯಾಕರಣ ಹೇಳಲು ಎಂ.ಎ. ಬೇಕು, ಸಾಯಬೇಕೆಂದುಕೊಂಡ ಹುಡುಗನ ಮಾತು ಕೇಳಲು ಯಾವ ಅರ್ಹತೆಯೂ ಬೇಡ! ಇದು ಮಕ್ಕಳಿಗೂ ಅನ್ಯಾಯ, ಅಧ್ಯಾಪಕರಿಗೂ ಅನ್ಯಾಯ.

ಆದಕಾರಣ ನಾನು ಕೇಳುವುದು ಇಷ್ಟು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರತಿ ಸರ್ಕಾರಿ ಕಾಲೇಜಿನಲ್ಲಿ ಕನ್ನಡದಲ್ಲಿಯೇ ತರಬೇತಿ ಪಡೆದ ಸಮಾಲೋಚಕರಿರಲಿ. ಗೌರವಧನದ ಮೇಲಲ್ಲ, ಕಾಯಂ ಸಂಬಳದ ಮೇಲೆ. ಆ ತರಬೇತಿಯ ಪುಸ್ತಕಗಳು ಇಂಗ್ಲಿಷಿನ ಅನುವಾದವಾಗದೆ, ನಮ್ಮ ಜನರಾಡುವ ಸಂಕಟದ ಮಾತುಗಳಿಂದ ಮೊದಲಾಗಲಿ. ಬೀದರಿನ, ಧಾರವಾಡದ, ಮಂಗಳೂರಿನ, ಚಾಮರಾಜನಗರದ ಮನುಷ್ಯ ತನ್ನ ಬೇಸರವನ್ನು ಏನೆಂದು ಕರೆಯುತ್ತಾನೆ ಎಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ನಮ್ಮ ಕನ್ನಡ ವಿಭಾಗಗಳೂ ಹೋಗಿ ಕೇಳಿ ಬರೆದುಕೊಳ್ಳಲಿ. ಶಾಸನಗಳ ಸವೆದ ಅಕ್ಷರಗಳನ್ನು ಓದಲು ಇಷ್ಟು ಶ್ರಮಪಟ್ಟವರಿಗೆ ಬದುಕಿರುವವರ ಮಾತನ್ನು ಓದುವುದು ಹೊರಗಿನ ಕೆಲಸವಾಗಬಾರದು.

ಅದೆಲ್ಲ ಆಗುವವರೆಗೆ ವಾಚಕರಲ್ಲಿ ಒಂದೇ ವಿನಂತಿ. ಮನೆಯಲ್ಲಿಯೋ ನೆರೆಯಲ್ಲಿಯೋ ಯಾರಾದರೂ “ಯಾಕೋ ಯಾವುದೂ ಬೇಡ ಅನ್ನಿಸುತ್ತೆ” ಎಂದರೆ, ನಾಲಗೆಯ ತುದಿಗೆ ಬಂದ ಬುದ್ಧಿಮಾತನ್ನು ನುಂಗಿಕೊಂಡು, “ಯಾವಾಗಿನಿಂದ?” ಎಂದು ಕೇಳಿ ಸುಮ್ಮನಿರಿ. ಅವರು ಹೇಳಿ ಮುಗಿಸಲಿ. ಆಮೇಲೆ ಬಲ್ಲವರ ಬಳಿಗೆ ಜೊತೆಯಲ್ಲಿ ಹೋಗಿ.