ಹಾಲು ಒಗ್ಗದವರೂ ಮಜ್ಜಿಗೆಯೂ

ಹಾಲು ಪರಿಪೂರ್ಣವಾದ ಆಹಾರವೆಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಆದರೆ ಹಾಲು ಕುಡಿದ ಕೆಲವು ಗಂಟೆಗಳೊಳಗಾಗಿ ಹೊಟ್ಟೆಯುಬ್ಬರಿಸಿ, ನುಲಿತವುಂಟಾಗಿ, ಭೇದಿಯಾಗುವವರು ಊರೂರಿನಲ್ಲಿಯೂ ಇರುತ್ತಾರೆ. ಇಂಥವರನ್ನು, ಅದರಲ್ಲಿಯೂ ಮಕ್ಕಳನ್ನು, ಹಟಮಾರಿಗಳೆಂದು ಗದರಿಸಿ ಕುಡಿಸುವುದುಂಟು. 2013ನೆಯ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಶಾಲೆಯ ಮಕ್ಕಳಿಗೆ ಹಾಲು ದೊರೆಯುವಂತಾದುದು ಶ್ಲಾಘ್ಯವೇ ಸರಿ. ಆದರೂ ಲೋಟವನ್ನು ಅತ್ತ ಸರಿಸುವ ಮಗುವಿನ ಮಾತನ್ನು ಕಿವಿಗೊಟ್ಟು ಕೇಳುವುದು ಗ್ರಾಮಮುಖ್ಯರಿಗೆ ಉಚಿತವಾದುದು.

ಹಸುವಿನ ಹಾಲಿನ ನೂರು ಪಾಲಿನಲ್ಲಿ ಸುಮಾರು 5 ಪಾಲು ಲ್ಯಾಕ್ಟೋಸ್ ಎಂಬ ಸಕ್ಕರೆಯಿರುವುದು. ಇದನ್ನು ಒಡೆಯತಕ್ಕ ಲ್ಯಾಕ್ಟೇಸ್ ಎಂಬ ಪಾಚಕ ದ್ರವ್ಯವು ಮೊಲೆ ಬಿಟ್ಟ ತರುವಾಯ ಅನೇಕರ ಕರುಳಿನಲ್ಲಿ ಕ್ರಮಕ್ರಮವಾಗಿ ಕಡಮೆಯಾಗುತ್ತದೆ. ಆಗ ಜೀರ್ಣವಾಗದ ಸಕ್ಕರೆಯು ದೊಡ್ಡ ಕರುಳಿಗಿಳಿದು, ಅಲ್ಲಿ ಹುದುಗಿ, ವಾಯುವನ್ನುಂಟುಮಾಡುವುದು. ಉತ್ತರ ಭಾರತದವರಿಗಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಪ್ರಪಂಚದ ವಯಸ್ಕರಲ್ಲಿ ಬಹುಪಾಲಿನವರ ದೇಹಸ್ಥಿತಿಯೇ ಇದಾಗಿರುವಾಗ ಮೊಂಡುತನವೆಂದು ಹೇಳುವುದು ನ್ಯಾಯವಲ್ಲ.

ಹಾಗೆಂದು, ಹಾಲು ಒಗ್ಗದವನು ಮೊಸರು ಮಜ್ಜಿಗೆಗಳನ್ನೂ ಬಿಟ್ಟುಬಿಡಬೇಕೆಂಬುದು ಅವಸರದ ತೀರ್ಮಾನ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯ ಒಂದಂಶವನ್ನು ಹುಳಿಯಾಗಿ ಮಾರ್ಪಡಿಸುವುವು. ಅಷ್ಟೇ ಅಲ್ಲದೆ ಹೊಟ್ಟೆಯನ್ನು ಸೇರಿದ ಮೇಲೆ ಉಳಿದುದನ್ನು ಒಡೆಯುವುದಕ್ಕೂ ನೆರವಾಗುವುವು. ಬಲ್ಗೇರಿಯ ದೇಶದ ಸ್ಟಾಮೆನ್ ಗ್ರಿಗೊರೊವ್ ಎಂಬಾತನು 1905ರಲ್ಲಿ ಇಂಥದೊಂದು ಜೀವಿಯನ್ನು ಮೊಸರಿನಲ್ಲಿ ಗುರುತಿಸಿದನು. ಜೀವಂತವಾದ ಹೆಪ್ಪುಳ್ಳ ಮೊಸರು ಇಂಥವರ ಪಚನಕ್ಕೆ ಸಹಾಯಕವೆಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ಒಪ್ಪಿಕೊಂಡಿತು. ಮನೆಯ ಮುದುಕಿಯರು ಆ ಒಪ್ಪಿಗೆಗಾಗಿ ಕಾದಿರಲಿಲ್ಲವೆಂಬುದು ಬೇರೆ ಮಾತು. ಕುದಿಸಿದ ಮಜ್ಜಿಗೆಹುಳಿಯಲ್ಲಿ ಆ ಜೀವಿಗಳು ಸಾಯುವುದರಿಂದ ಅದರಲ್ಲಿ ಈ ಗುಣವನ್ನು ಅಷ್ಟಾಗಿ ನಿರೀಕ್ಷಿಸಲಾಗದು.

ಪರೀಕ್ಷಿಸಲಿಚ್ಛಿಸುವವರು ಬರಿಹೊಟ್ಟೆಯಲ್ಲಿ ತೊಡಗದೆ, ಊಟದೊಡನೆ, ನೀರು ಬೆರೆಸಿದ ಹುಳಿ ಮಜ್ಜಿಗೆಯನ್ನು ಅರ್ಧ ಲೋಟದಷ್ಟು ತೆಗೆದುಕೊಳ್ಳತಕ್ಕದ್ದು. ಎರಡು ಮೂರು ದಿನ ಬಾಧೆಯಿಲ್ಲದಿದ್ದರೆ ಪ್ರಮಾಣವನ್ನು ಹೆಚ್ಚಿಸಿ, ಅನಂತರ ಮೊಸರಿಗೆ ಹೋಗಬಹುದು.

ಇಲ್ಲಿ ಒಂದು ಭೇದವನ್ನು ಮರೆಯಲಾಗದು. ಹಾಲು ಸೇವಿಸಿದೊಡನೆ ಮೈಮೇಲೆ ದದ್ದುಗಳೆದ್ದು, ತುಟಿ ಊದಿ, ಉಬ್ಬಸ ಬರುವವರಿಗೆ ತೊಂದರೆಯು ಸಕ್ಕರೆಯಿಂದಲ್ಲ, ಹಾಲಿನ ಪ್ರೋಟೀನಿನಿಂದ. ಹೆಪ್ಪು ಹಾಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅಂಥವರು ಮಜ್ಜಿಗೆಯನ್ನು ಮನೆಯಲ್ಲಿ ಪರೀಕ್ಷಿಸಲೇಕೂಡದು, ವೈದ್ಯರಲ್ಲಿಗೆ ಹೋಗಬೇಕು.

ಅವರಿಗೂ ಹುದುಗಿದ ಧಾನ್ಯದ ಆಹಾರಕ್ಕೆ ಅಡ್ಡಿಯಿಲ್ಲ. ರಾಗಿಹಿಟ್ಟನ್ನು ನೀರಿನಲ್ಲಿ ಕದಡಿ, ರಾತ್ರಿಯೆಲ್ಲ ಹುಳಿಯಲು ಬಿಟ್ಟು, ಬೆಳಗ್ಗೆ ಕಾಸಿದ ಅಂಬಲಿಗೆ ಮಜ್ಜಿಗೆಯ ಬದಲು ಉಪ್ಪು, ಈರುಳ್ಳಿ ಸೇರಿಸಿದರೆ ಸಾಕು. 100 ಗ್ರಾಂ ಹಾಲಿನಲ್ಲಿ ಕ್ಯಾಲ್ಸಿಯಂ ಸುಮಾರು 120 ಮಿಲಿಗ್ರಾಂ ಇದ್ದರೆ, ಅಷ್ಟೇ ತೂಕದ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚಾಗಿದೆ. ಒಂದು ಲೋಟ ತೆಳು ಅಂಬಲಿಯಲ್ಲಿ ನೂರು ಗ್ರಾಂ ಹಿಟ್ಟಿರುವುದಿಲ್ಲವೆಂಬುದು ನಿಜ; ಆದರೆ ಹುಳಿಯುವುದರಿಂದ, ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತುವು ತಗ್ಗಿ, ಇದ್ದುದು ಮೈಗೆ ಹೆಚ್ಚು ಹತ್ತುವುದು.

ಮಜ್ಜಿಗೆಯ ವಿಚಾರದಲ್ಲಿ ಜಮೀನುದಾರರ ಹೊಣೆಯೂ ಇದೆ. ಹಿಂದೆ ಕರಾವುಳ್ಳ ಮನೆಗಳಲ್ಲಿ ಬೆಣ್ಣೆ ತೆಗೆದ ಮಜ್ಜಿಗೆಯನ್ನು ಮಾರದೆ, ಕೇಳಿಬಂದವರಿಗೂ ಹೊಲದ ಆಳುಗಳಿಗೂ ಹೊಯ್ಯುತ್ತಿದ್ದರು. 1974ರ ಅನಂತರ ಕರ್ನಾಟಕದಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಬ್ಬಿ, ಹಾಲಿಗೆ ನಗದು ಬೆಲೆ ಬಂದಿತು. ಇದರಿಂದ ರೈತನ ಕೈ ಬಲವಾಯಿತು, ನಿಜ. ಆದರೆ ಎಷ್ಟೋ ಮನೆಗಳಲ್ಲಿ ಕಡೆಗೋಲು ಮೂಲೆ ಸೇರಿತು. ಹಾಲು ಒಗ್ಗದ ಆಳಿಗೆ ಒಗ್ಗಬಹುದಾಗಿದ್ದ ಒಂದೇ ಹೈನು ಹೀಗೆ ಅವನ ಕೈ ತಪ್ಪಿತು. ದಿನಕ್ಕೊಂದು ಲೀಟರು ಹಾಲನ್ನು ಸಂಘಕ್ಕೆ ಹಾಕದೆ ಮನೆಯಲ್ಲಿಯೇ ಹೆಪ್ಪಿಟ್ಟರೆ, ನೀರು ಬೆರೆಸಿ ನಾಲ್ಕೈದು ಲೀಟರು ಮಜ್ಜಿಗೆಯಾಗುವುದು. ಬೇಸಗೆಯ ದಿನಗಳಲ್ಲಾದರೂ ಅದನ್ನು ಹೊಲಕ್ಕೆ ಕಳುಹಿಸಬಹುದು. ಬೆರೆಸುವ ನೀರು ಮಾತ್ರ ಕಾಯಿಸಿ ಆರಿಸಿದುದಾಗಿರಬೇಕು, ಹೆಪ್ಪಿನ ಪಾತ್ರೆಯನ್ನು ದಿನವೂ ಬಿಸಿನೀರಿನಿಂದ ತೊಳೆಯಬೇಕು.