ರಾತ್ರಿ ಪಾಳಿಯ ದಣಿವು

ಪಾಳಿ ಕೆಲಸದ ಒತ್ತಡ ಮೊದಲು ಹುಟ್ಟುವುದು ದೇಹದಲ್ಲಿ. ಮನಸ್ಸಿಗೆ ಅದು ಆಮೇಲೆ ಏರುತ್ತದೆ. ಮೆದುಳಿನ ಹೈಪೊಥಲಾಮಸ್‌ನಲ್ಲಿರುವ ನರಕೋಶಗಳ ಒಂದು ಚಿಕ್ಕ ಗುಂಪು ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ಇಡೀ ದೇಹವನ್ನು ಸುಮಾರು 24 ಗಂಟೆಗಳ ಲಯದಲ್ಲಿ ನಡೆಸುತ್ತದೆ. ಕತ್ತಲಾದಂತೆ ಮೆಲಟೋನಿನ್ ಹೆಚ್ಚುತ್ತದೆ. ಬೆಳಗಿನ ಜಾವಕ್ಕೆ ಮೈಯ ಕಾವು ತೀರಾ ಇಳಿದು, ಎಚ್ಚರ ಮಂಕಾಗುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಔಷಧದ ಪ್ರಮಾಣ ಲೆಕ್ಕ ಹಾಕುವುದು, ಹೌಸ್ ಸರ್ಜನ್ ಉಸಿರುಗಟ್ಟಿದ ರೋಗಿಯ ಬಳಿಗೆ ಓಡುವುದು ಇದೇ ಹೊತ್ತಿನಲ್ಲಿ.

ರಾತ್ರಿ ಕಳೆದುಕೊಂಡ ನಿದ್ದೆಯನ್ನು ಹಗಲಿನ ನಿದ್ದೆ ತುಂಬಿಕೊಡದು. ಅದು ರಾತ್ರಿಯ ನಿದ್ದೆಗಿಂತ ಚಿಕ್ಕದು, ಬೇಗ ಕೆಡುವಂಥದ್ದು. ನರ್ಸ್‌ಗಳಲ್ಲಿ ಹೆಚ್ಚಿನವರು ಹೆಂಗಸರು. ಡ್ಯೂಟಿ ಮುಗಿಸಿ ಬಂದವರಿಗೆ ಅಡುಗೆ, ಮಕ್ಕಳ ಶಾಲೆ, ಹಿರಿಯರ ಆರೈಕೆ ಕಾದಿರುತ್ತವೆ. ಹಲವು ಆಸ್ಪತ್ರೆಗಳಲ್ಲಿ ಹಗಲಿನ ಪಾಳಿ ಆರು ಗಂಟೆಯಾದರೆ ರಾತ್ರಿಯದು ಹನ್ನೆರಡು ಗಂಟೆ, ಅದೂ ಕಡಿಮೆ ಸಿಬ್ಬಂದಿಯೊಂದಿಗೆ. ಪಾಳಿಗಳು ಬದಲಾಗುತ್ತಲೇ ಇರುವುದರಿಂದ, ದೇಹ ಒಂದಕ್ಕೆ ಒಗ್ಗುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ.

ವರ್ಷಗಟ್ಟಲೆ ಹೀಗೇ ನಡೆದರೆ ಮಧುಮೇಹ, ಹೃದಯದ ಕಾಯಿಲೆ, ಖಿನ್ನತೆಗಳ ಅಪಾಯ ಹೆಚ್ಚುತ್ತದೆ. ರಾತ್ರಿ ಪಾಳಿಯ ಕೆಲಸ ಬಹುಶಃ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಹೇಳಿ, 2019ರಲ್ಲಿ ಅದೇ ತೀರ್ಮಾನವನ್ನು ಉಳಿಸಿಕೊಂಡಿತು. ದಣಿವಿನ ಬೆಲೆ ತೆರುವವರಲ್ಲಿ ರೋಗಿಯೂ ಇದ್ದಾನೆ. ಬಾಸ್ಟನ್‌ನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಗಂಟೆ ಮೀರಿದ ಪಾಳಿಗಳಿದ್ದ ವ್ಯವಸ್ಥೆಯಲ್ಲಿ ಕಿರಿಯ ವೈದ್ಯರ ಗಂಭೀರ ತಪ್ಪುಗಳು, ಪಾಳಿ ಕಡಿತಗೊಳಿಸಿದ ವ್ಯವಸ್ಥೆಗಿಂತ ಶೇ. 36ರಷ್ಟು ಹೆಚ್ಚಿದ್ದವು. ತಪ್ಪು ಮಾಡಿದವರು ಸೋಮಾರಿಗಳಾಗಿರಲಿಲ್ಲ, ನಿದ್ದೆಗೆಟ್ಟಿದ್ದರು.

ಭಾರತದಲ್ಲಿ ನಿಯಮವಿಲ್ಲ ಎನ್ನುವಂತಿಲ್ಲ. ರೆಸಿಡೆಂಟ್ ವೈದ್ಯರ ಕೆಲಸ ಸಾಮಾನ್ಯವಾಗಿ ದಿನಕ್ಕೆ 12, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ನಿರ್ದೇಶಿಸಿತ್ತು. ಅದು ಕಾಗದದಲ್ಲೇ ಉಳಿಯಿತು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಕರ್ತವ್ಯದಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ಮೇಲಷ್ಟೇ, ರಾತ್ರಿ ದುಡಿಯುವವರಿಗೆ ಸರಿಯಾದ ವಿಶ್ರಾಂತಿ ಕೊಠಡಿಗಳಿಲ್ಲ ಎಂಬ ಮಾತು ಸುಪ್ರೀಂ ಕೋರ್ಟ್‌ನ ಆದೇಶದಲ್ಲಿ ದಾಖಲಾಯಿತು. ಅಷ್ಟು ತಡವಾಗಬಾರದಿತ್ತು.

ಧ್ಯಾನ ಶಿಬಿರ, ಆಪ್ತಸಮಾಲೋಚನೆಗಳಿಂದ ಸ್ವಲ್ಪ ಸಮಾಧಾನ ಸಿಗಬಹುದು. ಆದರೆ ಡ್ಯೂಟಿ ಪಟ್ಟಿಯಿಂದ ಹುಟ್ಟಿದ ದಣಿವನ್ನು ಡ್ಯೂಟಿ ಪಟ್ಟಿಯಲ್ಲೇ ಸರಿಪಡಿಸಬೇಕು. ಪಾಳಿಗಳು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದೆ ಸರಿದರೆ ದೇಹಕ್ಕೆ ಹೊಂದಿಕೊಳ್ಳುವುದು ಸುಲಭ. ಸತತ ರಾತ್ರಿಗಳಿಗೆ ಮಿತಿ ಬೇಕು, ಅವು ಮುಗಿದ ಮೇಲೆ ಪೂರ್ಣ ರಜೆ ಬೇಕು. ಪಾಳಿಯ ನಡುವೆ ಅರ್ಧ ಗಂಟೆಯ ನಿದ್ದೆಗೆ ಅವಕಾಶವಿದ್ದರೆ ಎಚ್ಚರ ಮರಳುತ್ತದೆ. ಆದರೆ ಒಬ್ಬರು ಮಲಗಬೇಕಾದರೆ ವಾರ್ಡ್ ನೋಡಿಕೊಳ್ಳಲು ಇನ್ನೊಬ್ಬರಿರಬೇಕು. ಹಾಗಾಗಿ ಖಾಲಿ ಹುದ್ದೆಗಳನ್ನು ತುಂಬದೆ ಇವುಗಳಲ್ಲಿ ಯಾವುದೂ ಜಾರಿಗೆ ಬರುವುದಿಲ್ಲ.