ಬಿರುಕು ಗೋಡೆಯದಲ್ಲ

ಧಾರವಾಡ ಸೀಮೆಯ ಎರೆನೆಲದಲ್ಲಿರುವ ನಮ್ಮ ತಂದೆಯವರ ಮನೆಯಲ್ಲಿ ಒಂದು ಬೇಸಗೆ ಬಿರುಕು ಕಾಣಿಸಿತು. ಕಿಟಕಿಯ ಮೂಲೆಯಿಂದ ಓರೆಯಾಗಿ ನೆಲದತ್ತ ಇಳಿದಿತ್ತು. ಮೇಸ್ತ್ರಿ ಬಂದು ಗಿಲಾವು ಮಾಡಿ, ಸುಣ್ಣ ಬಳಿದು ಹೋದ. ಮರುಬೇಸಗೆಯ ಹೊತ್ತಿಗೆ ಅದು ಮೊದಲಿಗಿಂತ ಅಗಲವಾಗಿ ಬಾಯ್ದೆರೆದಿತ್ತು. “ಇನ್ನು ಈ ಮನೆ ನಿಲ್ಲದು, ಮಾರಿಬಿಡೋಣ” ಎಂದು ಅಣ್ಣ ಹೇಳಿದಾಗ ತಾಯಿ ಮಾತನಾಡಲಿಲ್ಲ. ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ವಾಚಕರೇ, ಇಂಥ ಬಿರುಕು ಗೋಡೆಯ ದೋಷವಲ್ಲ, ನೆಲದ ದೋಷ. ಎರೆಮಣ್ಣು ನೀರುಂಡರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯ ಒಂದು ಬದಿ ಉಬ್ಬಿ ಇನ್ನೊಂದು ಬದಿ ಕುಗ್ಗಿದರೆ ಗೋಡೆ ಸೀಳದೆ ಇದ್ದೀತೇ? ನಮ್ಮಲ್ಲಿ ಬಚ್ಚಲ ನೀರು ಒಂದು ಮೂಲೆಯ ಬುನಾದಿಗೇ ಇಂಗುತ್ತಿತ್ತು; ಎದುರು ಮೂಲೆಯಲ್ಲಿ ಬೇವಿನ ಬೇರು ನೆಲದ ತೇವವನ್ನು ಹೀರುತ್ತಿತ್ತು. ಆ ಬೇವಿನ ಮೂಲೆಯೇ ಕುಸಿದಿತ್ತು.

ಅನುಭವಿ ಇಂಜಿನಿಯರರೊಬ್ಬರು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿ ತಾರೀಖು ಬರೆದರು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆಯೆಂದು ಅರ್ಥ. ಎರಡು ತಿಂಗಳಲ್ಲಿ ಗಾಜು ಒಡೆಯಿತು.

ಮೊದಲು ಬಚ್ಚಲ ನೀರನ್ನು ದೂರ ಸಾಗಿಸಿದೆವು. ಅಣ್ಣ ಮರ ಕಡಿಸಲು ಹೊರಟಾಗ ಇಂಜಿನಿಯರರು ತಡೆದರು: ಮರ ಹೋದರೆ ಒಣಗಿದ ನೆಲ ಒಮ್ಮೆಲೆ ನೀರುಂಡು ಉಬ್ಬೀತು, ಕೊಂಬೆ ಸವರಿದರೆ ಸಾಕು. ಬಳಿಕ ಕುಸಿದ ಬುನಾದಿಯನ್ನು ಗಟ್ಟಿನೆಲದವರೆಗೆ ಇಳಿಸುವ ಕೆಲಸ. ಬುನಾದಿಯ ಕೆಳಗೆ ಉದ್ದಕ್ಕೂ ಒಂದೇ ಸಲ ಅಗೆದರೆ ಗೋಡೆ ಮೈಮೇಲೆ ಬೀಳುವ ಅಪಾಯವುಂಟು. ಆದ್ದರಿಂದ 3-4 ಅಡಿ ಉದ್ದದ ಗುಂಡಿಗಳನ್ನು ಒಂದು ಬಿಟ್ಟು ಒಂದರಂತೆ ತೋಡಿ ಕಾಂಕ್ರೀಟು ತುಂಬಿದರು. ಅದು ಗಟ್ಟಿಯಾದ ಮೇಲೆ ಹಳೆಯ ಬುನಾದಿಗೂ ಅದಕ್ಕೂ ನಡುವಣ ಸಂದಿಗೆ ಅರೆತೇವದ ಸಿಮೆಂಟು ಗಾರೆಯನ್ನು ಬಡಿದು ತುಂಬಿ, ಅನಂತರವೇ ಪಕ್ಕದ ಗುಂಡಿಗೆ ಕೈಹಾಕಿದರು. ಮನೆಯ ಸುತ್ತ ಹೊರಕ್ಕೆ ಇಳಿಜಾರಾಗಿ 6 ಅಡಿ ಅಗಲದ ಗಚ್ಚು ಹಾಕಿಸಿದೆವು. ಬಿರುಕನ್ನು ಮುಚ್ಚಿದ್ದು ಎಲ್ಲಕ್ಕಿಂತ ಕೊನೆಗೆ.

ಎರೆಭೂಮಿಯಲ್ಲಿ ಹೊಸದಾಗಿ ಕಟ್ಟಿಸುವವರಿಗೆ ಈ ತಾಪತ್ರಯ ಬೇಕಿಲ್ಲ. ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳನ್ನು ಸುಮಾರು 12 ಅಡಿ ಆಳಕ್ಕೆ ಇಳಿಸುವ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಹುಕಾಲದ ಹಿಂದೆಯೇ ಬಳಕೆಗೆ ತಂದಿದೆ.

ಗಿಲಾವಿನ ಮೇಲೆ ಹೊಸದಾಗಿ ಅಂಟಿಸಿದ ಗಾಜು ಎರಡು ಮಳೆಗಾಲ ಕಳೆದರೂ ಒಡೆದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ತಾಯಿ ಅದನ್ನೊಮ್ಮೆ ಮುಟ್ಟಿ ನೋಡಿ ಬರುತ್ತಾರೆ. ಮನೆ ಮಾರುವ ಮಾತನ್ನು ಅಣ್ಣ ಮತ್ತೆ ಎತ್ತಿಲ್ಲ.